ಹಳ್ಳಿ ಹಳಿ ಆಗದಿರಲಿ, ಬ್ರೌಸರ್ ನಮ್ಮ ಕೈಲಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಬರೆದಿದ್ರು, ಕಣ್ಣಿನ ಪೊರೆ ಆಪರೇಷನ್ ಆದ್ಮೇಲೆ ಪೇಪರ್ ಓದೋಕಾಗ್ತಿದೆ, ಆದ್ರೆ ಕಂಪ್ಯೂಟರಲ್ಲಿ ಕನ್ನಡ ಓದೋಕಾಗ್ತಿಲ್ಲ, ಇದು ನಮ್ಮ ವಯಸ್ಸಿನವರಿಗಲ್ಲ ಅನ್ಸುತ್ತೆ, ಬಿಟ್ಟುಬಿಟ್ಟೆ ಅಂತ. ಆ ಕೊನೇ ಮಾತು ಓದಿ ನಂಗೆ ಎರಡು ದಿನ ಸಮಾಧಾನವೇ ಇಲ್ಲ. ಮೇಷ್ಟ್ರೇ, ತಪ್ಪು ನಿಮ್ಮ ಕಣ್ಣಿನದಲ್ಲ, ವಯಸ್ಸಿನದ್ದಂತೂ ಅಲ್ವೇ ಅಲ್ಲ. ಪುಟ ಕಟ್ಟಿರೋದೇ ಹಾಗಿದೆ, ಅದನ್ನ ನೀವು ಮನೇಲಿ ಕೂತು ಸರಿ ಮಾಡ್ಕೋಬಹುದು. ಹೇಗೆ ಅಂತ ಹೇಳೋಕೆ ಈ ಪತ್ರ. ಜೊತೆಗೆ ಸಂಪಾದಕರಿಗೂ ಒಂದು ಕೋರಿಕೆ ಇದೆ, ಅದು ಕೊನೆಗೆ.

ನಾನು ಸಾಫ್ಟ್‌ವೇರ್ ಕೆಲಸದವನಲ್ಲ. ಓದಿದ್ದು ಬಿ.ಕಾಂ., ಮೈಸೂರಲ್ಲಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೀತೀನಿ. ಪ್ರೋಗ್ರಾಮಿಂಗ್ ಅನ್ನೋದು ರಾತ್ರಿ ಊಟ ಆದ್ಮೇಲಿನ ಹವ್ಯಾಸ, ಕೆಲವರು ಕೈತೋಟ ಮಾಡಲ್ವೇ ಹಾಗೆ. ನಾನು ಮಾಡೋದೆಲ್ಲ ಬ್ರೌಸರ್ ಒಳಗಡೇನೇ, ಬೇರೆಯವರು ಕಟ್ಟಿದ ಪುಟಗಳನ್ನ ನಂಗೆ, ನಮ್ಮ ಮನೆಯವರಿಗೆ ಹೊಂದೋ ಹಾಗೆ ತಿದ್ದಿಕೊಳ್ಳೋದು. ದುಡ್ಡು ಬರೋದಿಲ್ಲ, ಬರಬೇಕು ಅಂತಲೂ ಇಲ್ಲ.

ನಮ್ಮಮ್ಮನಿಗೆ 74. ಅವರೂ ಕಣ್ಣು ಆಪರೇಷನ್ ಆದವರೇ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಲ್ಯಾಪ್‌ಟಾಪಲ್ಲಿ ನಾಲ್ಕೈದು ಸುದ್ದಿ ಓದೋದು ಅವರ ಅಭ್ಯಾಸ. ಒಂದಿನ ಕೂಗಿದ್ರು, "ಮಗಾ, ಇಲ್ಲಿ ಬಾರೋ, ಹಳಿಗೆ ಬಂತು ಬಸ್ಸು ಅಂತ ಬರ್ದಿದಾರೆ, ಹಳಿ ಮೇಲೆ ಬಸ್ ಹೆಂಗೋ ಬರುತ್ತೆ?" ನಾನೂ ನೋಡಿದೆ, ಹಾಗೇ ಇತ್ತು. ಆಮೇಲೆ ಬಗ್ಗಿ ಸ್ಕ್ರೀನಿಗೆ ಮೂಗು ತಾಗೋ ಹಾಗೆ ನೋಡಿದಾಗ ಳಿ ಕೆಳಗೆ ಒಂದು ಕೂದಲೆಳೆಯಷ್ಟು ಕಪ್ಪು ಕಾಣಿಸ್ತು. ಅದು ಹಳ್ಳಿ. ನಲವತ್ತು ವರ್ಷಕ್ಕೆ ಮೊದಲ ಸಲ ಬಸ್ ಕಂಡ ಹಳ್ಳಿ ಕತೆ ಅದು, ತಲೆಬರಹದಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗಿತ್ತು ಅಷ್ಟೆ. ಆಮೇಲೆ ಹುಡುಕ್ತಾ ಹೋದ್ರೆ ಎಲ್ಲಾ ಕಡೆ ಇದೇ, ಕತ್ತೆ ಕತೆ ಆಗಿದೆ, ಅಮ್ಮ ಅಮ ಆಗಿದೆ, ಶಾಸ್ತ್ರ ಅನ್ನೋದ್ರಲ್ಲಿ ಶಾಸ ಮಾತ್ರ ಉಳ್ಕೊಂಡ ಹಾಗಿದೆ. ನಮಗೆ ಅಭ್ಯಾಸಬಲದಿಂದ ಕಣ್ಣು ತುಂಬಿಸ್ಕೊಂಡು ಓದ್ಬಿಡುತ್ತೆ, ಗೊತ್ತೇ ಆಗಲ್ಲ. ಅಮ್ಮನಂಥವರು ಅಕ್ಷರ ಅಕ್ಷರ ಬಿಡಿಸಿ ಓದೋರು, ಅವರಿಗೆ ಅಲ್ಲೇ ಕಾಲು ತೊಡರುತ್ತೆ.

ಇದಕ್ಕೆ ಕಾರಣ ತುಂಬಾ ಸಣ್ಣದು. ಪುಟ ಕಟ್ಟೋರು ಒಂದೊಂದು ಸಾಲಿಗೆ ಇಷ್ಟು ಎತ್ತರ ಅಂತ ಒಂದು ಅಳತೆ ಕೊಟ್ಟಿರ್ತಾರೆ, ಲೈನ್ ಹೈಟ್ ಅಂತಾರೆ ಅದನ್ನ. ಇಂಗ್ಲಿಷ್ ತಲೆಬರಹಕ್ಕೆ ಅಕ್ಷರದ ಅಳತೆಯ 1.2 ಪಟ್ಟು ಇದ್ರೆ ಸಾಕಾಗುತ್ತೆ, ಅಲ್ಲಿ ಕೆಳಗಿಳಿಯೋದು ಜಿ, ವೈ ಥರದ ಒಂದಷ್ಟು ಅಕ್ಷರದ ಬಾಲ ಮಾತ್ರ. ನಮ್ಮದರಲ್ಲಿ ಮೇಲೆ ಗುಣಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು, ರಾಷ್ಟ್ರ ಅಂತ ಬರೆದ್ರೆ ಮೂರು ಅಂತಸ್ತಿನ ಮನೆ. ಅದಕ್ಕೂ ಅದೇ 1.2 ಕೊಟ್ಟು, ತಲೆಬರಹ ಎರಡು ಸಾಲು ದಾಟಬಾರದು ಅಂತ ಹೊರಗೆ ಬಂದದ್ದೆಲ್ಲ ಕತ್ತರಿಸು ಅಂತ ಇನ್ನೊಂದು ಸಾಲು ಬರೆದಿರ್ತಾರೆ, ಅಲ್ಲಿಗೆ ಕೊನೇ ಸಾಲಿನ ಒತ್ತುಗಳೆಲ್ಲ ಹೋದ ಹಾಗೆ. ಬೇಕಂತ ಮಾಡಿದ್ದಲ್ಲ ಅಂತ ನಂಗೂ ಗೊತ್ತು. ಝೂಮ್ ಮಾಡಿದ್ರೂ ಸರಿಹೋಗಲ್ಲ ಯಾಕಂದ್ರೆ ಅಕ್ಷರ ದೊಡ್ಡದಾದಷ್ಟೂ ಕತ್ತರಿಸೋ ಗೆರೆನೂ ಅದೇ ಲೆಕ್ಕದಲ್ಲಿ ಜೊತೆಗೇ ಹೋಗುತ್ತೆ. ಮೇಷ್ಟ್ರು ಬರೆದಿದ್ರಲ್ಲ, ಎಷ್ಟು ದೊಡ್ಡದು ಮಾಡಿದ್ರೂ ಅಕ್ಷರ ಮುರಿದಂಗೇ ಕಾಣುತ್ತೆ ಅಂತ, ಅದು ನೂರಕ್ಕೆ ನೂರು ಸರಿ.

ಅಮ್ಮನಿಗೆ ನಾನು ಮಾಡಿಕೊಟ್ಟದ್ದು ಹೀಗೆ. ಫೈರ್‌ಫಾಕ್ಸ್ ಅನ್ನೋ ಬ್ರೌಸರಲ್ಲಿ ಸ್ಟೈಲಸ್ ಅಂತ ಒಂದು ಎಕ್ಸ್‌ಟೆನ್ಷನ್, ಅಂದ್ರೆ ಬ್ರೌಸರಿಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ, ಸಿಗುತ್ತೆ, ಯಾವ ಸೈಟಿಗೆ ಬೇಕೋ ಆ ಸೈಟಿಗೆ ನಮ್ಮದೇ ಸಿಎಸ್ಎಸ್, ಅಂದ್ರೆ ಪುಟ ಹೇಗೆ ಕಾಣಬೇಕು ಅನ್ನೋ ಸೂಚನೆ, ಬರೆದಿಡಬಹುದು. ತಲೆಬರಹಕ್ಕೂ ಸುದ್ದಿಗೂ ಲೈನ್ ಹೈಟ್ 1.75 ಅಂತ ಹಾಕಿದೆ, ಕತ್ತರಿಸೋ ಆಜ್ಞೆ ತೆಗೆದೆ, ತಿಳಿ ಬೂದಿ ಬಣ್ಣದ ಅಕ್ಷರಾನ ಗಾಢ ಕಪ್ಪು ಮಾಡಿದೆ, ಓರೆ ಅಕ್ಷರ ಎಲ್ಲ ನೇರ ಮಾಡಿದೆ. ಈ ಓರೆ ಅಕ್ಷರದ್ದು ಬೇರೇನೇ ಹೇಳ್ಬೇಕು, ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ಅಂತ ಬರೆದಿಟ್ಟಿರೋದೇ ಇಲ್ಲ, ಬ್ರೌಸರೇ ದುಂಡಗಿನ ಅಕ್ಷರಾನ ಹಿಡಿದು ಒಂದು ಕಡೆಗೆ ವಾಲಿಸ್ಬಿಡುತ್ತೆ, ಗಾಳಿಗೆ ಬಾಗಿದ ಬೇಲಿ ಥರ ಕಾಣುತ್ತೆ. ಒಟ್ಟು ಹತ್ತು ಹನ್ನೆರಡು ಸಾಲು ಬರೆದಿರಬಹುದು. ಮಾರನೇ ದಿನ ಅಮ್ಮ ಏನೂ ಹೇಳಲಿಲ್ಲ, ಸುಮ್ಮನೆ ಓದ್ತಾ ಕೂತಿದ್ರು, ಕಾಫಿ ಆರಿಹೋಗಿತ್ತು.

ಮೇಷ್ಟ್ರೇ, ನಿಮಗೆ ಇದೆಲ್ಲ ಬರೆಯೋ ಅಗತ್ಯ ಇಲ್ಲ. ಫೈರ್‌ಫಾಕ್ಸಲ್ಲಿ ಸುದ್ದಿ ತೆಗೆದಾಗ ಮೇಲೆ ವಿಳಾಸದ ಪಟ್ಟಿಯಲ್ಲಿ ಕಾಗದದ ಥರ ಒಂದು ಸಣ್ಣ ಗುರುತು ಬರುತ್ತೆ, ರೀಡರ್ ವ್ಯೂ ಅದು. ಒತ್ತಿದ್ರೆ ಜಾಹೀರಾತು, ಮಿಣಮಿಣ ಎಲ್ಲ ಹೋಗಿ ಬರೀ ಬರಹ ಉಳಿಯುತ್ತೆ, ಅಲ್ಲೇ ಅಕ್ಷರದ ಗಾತ್ರ, ಸಾಲಿನ ನಡುವಿನ ಜಾಗ, ಹಿನ್ನೆಲೆ ಬಣ್ಣ ಎಲ್ಲಾ ನಿಮ್ಮಿಷ್ಟ. ಎಲ್ಲಾ ಪುಟದಲ್ಲೂ ಬರಲ್ಲ, ಬಂದ ಕಡೆ ಬಳಸಿ. ಇನ್ನೊಂದು, ಸೆಟ್ಟಿಂಗ್ಸಲ್ಲಿ ಫಾಂಟ್ ಅಂತ ಇರೋ ಕಡೆ ಅಡ್ವಾನ್ಸ್ಡ್ ಒತ್ತಿದ್ರೆ ಭಾಷೆಗಳ ಪಟ್ಟಿ ಬರುತ್ತೆ, ಅದರಲ್ಲಿ ಕನ್ನಡ ಅಂತಲೇ ಬೇರೆ ಇದೆ, ಅಲ್ಲಿ ನಿಮಗೆ ಒಗ್ಗೋ ಫಾಂಟು, ಇದಕ್ಕಿಂತ ಸಣ್ಣ ಅಕ್ಷರ ಬೇಡ ಅನ್ನೋ ಕನಿಷ್ಠ ಗಾತ್ರ ಎರಡೂ ಹೇಳಿಡಬಹುದು. ಮೊಮ್ಮಕ್ಕಳನ್ನ ಪಕ್ಕ ಕೂರಿಸ್ಕೊಂಡ್ರೆ ಹತ್ತು ನಿಮಿಷದ ಕೆಲಸ.

ಇದೆಲ್ಲ ನಂಗೆ ಹೇಗೆ ಬಂತು ಅಂದ್ರೆ ಕನ್ನಡದಿಂದಲ್ಲ, ಟ್ರಂಪೆಟ್‌ನಿಂದ. ನಂಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಟ್ರಂಪೆಟ್ ಅಂದ್ರೆ ಪ್ರಾಣ. ಯುರೋಪಿನ ರೇಡಿಯೋ ಸ್ಟೇಷನ್ನುಗಳು ಇಂಟರ್ನೆಟ್ಟಲ್ಲಿ ಕಛೇರಿಗಳನ್ನ ಪ್ರಸಾರ ಮಾಡ್ತಾವೆ, ಪಟ್ಟಿ ಅವರವರ ಭಾಷೇಲಿ, ಅವರವರ ಗಂಟೇಲಿ ಇರುತ್ತೆ. ಉದ್ದುದ್ದ ಪಟ್ಟಿಯಲ್ಲಿ ನಂಗೆ ಬೇಕಾದ್ದು ಎಲ್ಲೋ ಒಂದು ಸಾಲು. ಅದಕ್ಕೆ ಯೂಸರ್‌ಸ್ಕ್ರಿಪ್ಟ್ ಬರೆಯೋದು ಕಲಿತೆ, ಗ್ರೀಸ್‌ಮಂಕಿ ಅಂತ ಒಂದು ಎಕ್ಸ್‌ಟೆನ್ಷನ್ 2005ರ ಹೊತ್ತಿಗೇ ಬಂದಿತ್ತು, ಪುಟ ತೆರೆದ ತಕ್ಷಣ ನಾವು ಜಾವಾಸ್ಕ್ರಿಪ್ಟ್ ಭಾಷೇಲಿ ಬರೆದ ಸಣ್ಣ ಪ್ರೋಗ್ರಾಂ ಅದರ ಮೇಲೆ ಓಡುತ್ತೆ. ಟ್ರಂಪೆಟ್ ಇರೋ ಸಾಲಿಗೆಲ್ಲ ಅರಿಶಿನ ಬಣ್ಣ ಬಳಿ ಅಂತ ಹೇಳಿದೆ. ಜರ್ಮನ್ನಲ್ಲಿ ಟ್ರೊಂಪೇಟೆ, ಫ್ರೆಂಚಲ್ಲಿ ಟ್ರೊಂಪೆಟ್, ಇಟಾಲಿಯನ್ನಲ್ಲಿ ಟ್ರೊಂಬ. ಮೊದಲು ಟ್ರೊಂಬ್ ಅಂತ ಅರ್ಧ ಪದ ಹುಡುಕಿಸಿದ್ದೆ, ಟ್ರೊಂಬೋನ್ ಅನ್ನೋ ಬೇರೆ ವಾದ್ಯದ ಕಛೇರಿಗಳೆಲ್ಲ ಅರಿಶಿನ ಬಳ್ಕೊಂಡು ನಿಂತ್ವು. ಪೂರ್ತಿ ಪದ ಮಾಡಿದೆ, ಆಗ ಟ್ರೊಂಬ ಮರೀನ ಅಂತ ಒಂದು ಬಂತು, ಹೆಸರಲ್ಲಿ ಟ್ರಂಪೆಟ್ ಇದ್ರೂ ಅದು ಕಮಾನಿನಲ್ಲಿ ನುಡಿಸೋ ಒಂಟಿ ತಂತಿ ವಾದ್ಯ, ಅದನ್ನೂ ಬಿಡು ಅಂತ ಹೇಳಬೇಕಾಯ್ತು. ಹೀಗೆ ಒಂದು ವಾದ್ಯದ ಬೆನ್ನು ಹತ್ತಿ ನಂಗೆ ಪದ ಹುಡುಕೋದು, ಬದಲಾಯಿಸೋದು, ಪುಟದ ಒಳಗಿನ ಕಟ್ಟಡ ನೋಡೋದು ಎಲ್ಲಾ ಅಭ್ಯಾಸ ಆಯ್ತು.

ಗಂಟೆ ಲೆಕ್ಕದಲ್ಲಿ ಮಾತ್ರ ಒಂದು ಸಲ ದೊಡ್ಡ ನಷ್ಟ ಆಯ್ತು. ಚಳಿಗಾಲದಲ್ಲಿ ಜರ್ಮನಿಯ ರಾತ್ರಿ 8 ಅಂದ್ರೆ ನಮಗೆ 12.30, ಹಾಗಾಗಿ ನಾಲ್ಕೂವರೆ ಗಂಟೆ ಸೇರಿಸು ಅಂತ ಸ್ಕ್ರಿಪ್ಟಲ್ಲಿ ಬರೆದುಬಿಟ್ಟಿದ್ದೆ. ಮಾರ್ಚ್ ಕೊನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ಮಾಡ್ತಾರೆ, ಆಮೇಲೆ ಅದೇ 8 ನಮಗೆ 11.30. ನಾನು ಹೆಡ್‌ಫೋನ್ ಹಾಕ್ಕೊಂಡು 12.30ಕ್ಕೆ ಕೂತ್ರೆ ಮೊದಲನೇದಾಗಿ ಇಟ್ಟಿದ್ದ ಹೈಡನ್ ಅನ್ನೋ ಸಂಗೀತ ರಚನೆಕಾರನ ಕಾನ್ಚೆರ್ಟೊ, ಅಂದ್ರೆ ಮುಖ್ಯ ವಾದ್ಯವನ್ನ ಮುಂದಿಟ್ಟು ವಾದ್ಯವೃಂದಕ್ಕೆ ಬರೆದ ಕೃತಿ, ಮುಗಿದು ಚಪ್ಪಾಳೆನೂ ಆಗಿಹೋಗಿತ್ತು. ಈಗ ಊರಿನ ಹೆಸರು ಕೊಟ್ಟು ಗಂಟೆ ಲೆಕ್ಕ ಬ್ರೌಸರಿಗೇ ಬಿಟ್ಟಿದೀನಿ, ಅದಕ್ಕೆ ಯಾವ ದೇಶ ಯಾವಾಗ ಗಡಿಯಾರ ತಿರುಗಿಸುತ್ತೆ ಅನ್ನೋದೆಲ್ಲ ಗೊತ್ತಿರುತ್ತೆ.

ಟ್ರಂಪೆಟ್ ಹುಚ್ಚು ಹತ್ತಿದ್ದು ನಮ್ಮ ವಠಾರದಲ್ಲೇ. ಕೊನೇ ಮನೇಲಿ ಮದುವೆ ಬ್ಯಾಂಡ್‌ಸೆಟ್ಟಲ್ಲಿ ನುಡಿಸೋ ಒಬ್ಬರು ಮಾಮ ಇದ್ರು. ಬೆಳಿಗ್ಗೆ ಗೋಡೆಗೆ ಮುಖ ಮಾಡಿ ನಿಂತು ಒಂದೇ ಸ್ವರಾನ ಉಸಿರು ಮುಗಿಯೋವರೆಗೂ ಹಿಡಿಯೋರು, ಮತ್ತೆ ಉಸಿರು, ಮತ್ತೆ ಅದೇ ಸ್ವರ. ಒಂದಿನ ಕೈಗೆ ಕೊಟ್ರು. ಹಿತ್ತಾಳೆ ತಣ್ಣಗಿತ್ತು, ಮೌತ್‌ಪೀಸಿಗೆ ಎಣ್ಣೆ ವಾಸನೆ. ನಾನು ಊದಿದ್ರೆ ಬರೀ ಗಾಳಿ. ಅವರು ತುಟಿ ಬಿಗಿ ಮಾಡಿ ಬುರ್ ಅಂತ ಅದುರಿಸಿ ತೋರಿಸಿದ್ರು, ಸದ್ದು ಹುಟ್ಟೋದು ತುಟೀಲಿ ಕಣಪ್ಪ, ಕೊಳವೆ ಅದನ್ನ ತಿದ್ದುತ್ತೆ ಅಷ್ಟೇ ಅಂದ್ರು. ನನ್ನ ತಲೇಲಿ ಉಳಿದದ್ದು ಬೇರೆ ಪ್ರಶ್ನೆ: ಇರೋದು ಮೂರೇ ಗುಂಡಿ, ಹಾರ್ಮೋನಿಯಂಗೆ ಅಷ್ಟೊಂದು ಮನೆ ಬೇಕು, ಇದು ಮೂರರಲ್ಲಿ ಹೇಗೆ ಎಲ್ಲಾ ಸ್ವರ ಹೇಳುತ್ತೆ?

ಉತ್ತರ ಸಿಕ್ಕಿದ್ದು ಇಪ್ಪತ್ತು ವರ್ಷ ಆದ್ಮೇಲೆ, ಸಿಕ್ಕಿದ ದಿನ ನಿದ್ದೆ ಬರಲಿಲ್ಲ, ಅಷ್ಟು ಚೆನ್ನಾಗಿದೆ. ಗುಂಡಿ ಮುಟ್ಟದೆ ಬರೀ ತುಟಿಯಿಂದ ಊದಿದ್ರೆ ಒಂದು ಕೊಳವೆ ಕೊಡೋದು ಕೆಲವೇ ಸ್ವರ, ಕೆಳಗಿಂದ ಸ, ಪ, ಮೇಲಿನ ಸ, ಗ, ಪ ಹೀಗೆ, ಪೊಲೀಸ್ ಬ್ಯೂಗಲ್ ಕೇಳಿದೀರಲ್ಲ ಅದಷ್ಟೇ. ಕೆಳಗಿನ ಸ ಮತ್ತು ಪ ನಡುವೆ ಎರಡು ರಿ, ಎರಡು ಗ, ಎರಡು ಮ, ಒಟ್ಟು ಆರು ಸ್ವರಸ್ಥಾನ ಖಾಲಿ. ಗುಂಡಿ ಒತ್ತಿದ್ರೆ ಕೊಳವೆಗೆ ಒಂದಿಷ್ಟು ಉದ್ದ ಸೇರ್ಕೊಳ್ಳುತ್ತೆ, ನಡುವಿನದ್ದು ಒಂದು ಸ್ಥಾನ ಇಳಿಸುತ್ತೆ, ಮೊದಲನೇದು ಎರಡು, ಮೂರನೇದು ಮೂರು. ಮೂರು ಗುಂಡಿ ಅಂದ್ರೆ ಪ್ರೋಗ್ರಾಮರಿಗೆ ಮೂರು ಬಿಟ್, ಒಂದೊಂದಕ್ಕೂ ಒತ್ತಿದ್ದು, ಒತ್ತದ್ದು ಅಂತ ಎರಡೇ ಸ್ಥಿತಿ, ಒಟ್ಟು ಎಂಟು ಜೋಡಣೆ. ಅದರಲ್ಲಿ ಒಂದೂ ಎರಡೂ ಸೇರಿಸಿ ಒತ್ತಿದ್ರೆ ಮೂರನೇದರಷ್ಟೇ ಆಗುತ್ತೆ, ಹಾಗಾಗಿ ಉಳಿಯೋದು ಏಳು ಉದ್ದ. ಪ ಇಂದ ಇಳೀತಾ ಬಂದ್ರೆ ಪ ಸೇರಿ ಏಳು ಸ್ವರ, ಖಾಲಿ ಇದ್ದ ಆರೂ ತುಂಬಿಹೋಗುತ್ತೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ! ಇಷ್ಟು ಮಿತವಾಗಿ ಬರೆದ ಪ್ರೋಗ್ರಾಂ ನಾನು ಬೇರೆ ನೋಡಿಲ್ಲ.

ಈ ಗುಂಡಿಗಳು ಬಂದದ್ದೇ 19ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಜರ್ಮನ್ ಸಂಗೀತ ರಚನೆಕಾರ ಬಾಖ್ ಕಾಲದಲ್ಲಿ ಉದ್ದನೆ ಸಾದಾ ಕೊಳವೆ, ಅದರಲ್ಲಿ ತುಂಬಾ ಮೇಲಕ್ಕೆ ಹೋದ್ರೆ ಮಾತ್ರ ಸ್ವರಗಳು ಒತ್ತೊತ್ತಾಗಿ ಸಿಗ್ತವೆ, ಎಂಟನೇ ಅನುಸ್ವರದಿಂದ (ಕೊಳವೆ ತಾನಾಗೇ ಕೊಡೋ ಸ್ವರಗಳಿಗೆ ಅನುಸ್ವರ ಅಂತೀನಿ) ಮೇಲೆ ಸ ರಿ ಗ ಸಾಲಾಗಿ ಬರುತ್ತೆ, ಹನ್ನೊಂದನೇದು ಮಾತ್ರ ಶುದ್ಧ ಮಧ್ಯಮಾನೂ ಅಲ್ಲ ಪ್ರತಿ ಮಧ್ಯಮಾನೂ ಅಲ್ಲ, ನಡುವೆ ಎಲ್ಲೋ ನಿಲ್ಲುತ್ತೆ, ತುಟಿಯಿಂದಲೇ ಎಳೆದು ತರಬೇಕು. ಲೈಪ್‌ಜಿಗ್‌ನಲ್ಲಿ ಬಾಖ್‌ಗೆ ನುಡಿಸ್ತಿದ್ದ ಗಾಟ್‌ಫ್ರೀಡ್ ರೈಖೆ ಅಂಥವರು ಇದನ್ನ ಸಾಧಿಸಿದ್ರು, 1734ರಲ್ಲಿ ತೀರಿಕೊಂಡ್ರು, ಹಿಂದಿನ ದಿನವಷ್ಟೇ ಬಾಖ್‌ನ ಒಂದು ಕೃತಿ ನುಡಿಸಿದ್ರು. ಹೈಡನ್ 1796ರಲ್ಲಿ ಆಂಟನ್ ವೈಡಿಂಗರ್ ಅನ್ನೋರಿಗೆ ಕಾನ್ಚೆರ್ಟೊ ಬರೆದ, ಅವರ ಹತ್ರ ತೂತು ಕೊರೆದು ಮುಚ್ಚಳ ಹಾಕಿದ ಹೊಸ ಥರದ ಟ್ರಂಪೆಟ್ ಇತ್ತು. ಆ ಕಾನ್ಚೆರ್ಟೊದಲ್ಲಿ ಟ್ರಂಪೆಟ್ ತನ್ನ ಮುಖ್ಯ ರಾಗ ಶುರು ಮಾಡೋದೇ ನಡು ಸ್ಥಾಯಿಯಲ್ಲಿ ಸ ರಿ ಗ ಅಂತ. ಮಕ್ಕಳ ಮೊದಲ ಪಾಠ ಅನ್ಸುತ್ತೆ ನಮಗೆ. ಆದ್ರೆ ಆ ಜಾಗದಲ್ಲಿ ಹಳೇ ಟ್ರಂಪೆಟ್ಟಿಗೆ ಸ ಇದೆ, ಗ ಇದೆ, ರಿ ಇಲ್ಲವೇ ಇಲ್ಲ! 1800ರ ಮಾರ್ಚ್ 28ರಂದು ವಿಯೆನ್ನಾದಲ್ಲಿ ಅದನ್ನ ಮೊದಲ ಸಲ ನುಡಿಸಿದಾಗ ಆ ರಿ ಕೇಳಿದವರಿಗೆ ಹೇಗನ್ನಿಸಿರಬೇಡ. ನಾನು ಪ್ರತಿ ಸಲ ಆ ಒಂದು ಸ್ವರಕ್ಕೆ ಕಾದು ಕೂರ್ತೀನಿ.

ಬಾಖ್‌ನ ಎರಡನೇ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೊ ಬಗ್ಗೆ ಹೇಳದಿದ್ರೆ ಆಗಲ್ಲ. ಟ್ರಂಪೆಟ್, ರೆಕಾರ್ಡರ್ ಅನ್ನೋ ಕೊಳಲು, ಓಬೋ, ವಯೊಲಿನ್ ನಾಲ್ಕೂ ಸರಿಸಮ ಮಾತಾಡ್ತವೆ, ಎರಡನೇ ಭಾಗದಲ್ಲಿ ಟ್ರಂಪೆಟ್ ಪೂರ್ತಿ ಸುಮ್ಮನೆ ಕೂತಿರುತ್ತೆ, ಮೂರನೇದನ್ನ ಅದೇ ಒಂಟಿಯಾಗಿ ಎತ್ಕೊಳ್ಳುತ್ತೆ. ಫ್ರಾನ್ಸಿನ ಮೋರಿಸ್ ಆಂದ್ರೆ, ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದವರು, ಸಣ್ಣ ಪಿಕೊಲೊ ಟ್ರಂಪೆಟ್ಟಲ್ಲಿ ಬಾಖ್ ಕಾಲದ ಈ ಥರದ ಬರೊಕ್ ಸಂಗೀತ ನುಡಿಸಿದ್ದು ಕೇಳಿದ್ರೆ ಅಷ್ಟು ಎತ್ತರದಲ್ಲಿ ಇಷ್ಟು ಮೃದು ಹೇಗೆ ಅನ್ಸುತ್ತೆ. ಇನ್ನೊಂದು ವಿಷಯ, 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಒಂದು ಚಿನ್ನದ ಲೇಪದ ರೆಕಾರ್ಡ್ ಕಳಿಸಿದ್ರಲ್ಲ, ಅದರ ಸಂಗೀತ ಶುರುವಾಗೋದೇ ಈ ಕಾನ್ಚೆರ್ಟೊದ ಮೊದಲ ಭಾಗದಿಂದ. ಅದೇ ರೆಕಾರ್ಡಲ್ಲಿ 55 ಭಾಷೆಗಳ ಶುಭಾಶಯ ಇದೆ, ಅದರಲ್ಲಿ ಕನ್ನಡವೂ ಒಂದು, ಕನ್ನಡಿಗರ ಪರವಾಗಿ ಶುಭಾಶಯಗಳು ಅಂತ. ನಂಗೆ ಪ್ರೀತಿ ಇರೋ ಎರಡೂ ಒಂದೇ ತಟ್ಟೆಯಲ್ಲಿ ಕೂತು ಗ್ರಹಗಳನ್ನೆಲ್ಲ ದಾಟಿ ಹೋಗಿವೆ.

ಇದೆಲ್ಲ ನಮ್ಮದಲ್ಲದ ಸಂಗೀತ ಅಂತ ಕೆಲವರು ಅಂತಾರೆ. ಮೈಸೂರಲ್ಲಿ ಕೂತು ಆ ಮಾತು ಒಪ್ಪೋಕಾಗಲ್ಲ. ಜಯಚಾಮರಾಜೇಂದ್ರ ಒಡೆಯರ್ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಬೆಂಬಲ ಕೊಟ್ಟವರು, ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು ಅದರಲ್ಲೇ ಕರ್ನಾಟಕ ಸಂಗೀತ ತಂದುಬಿಟ್ರು. ದಸರಾ ಪಂಜಿನ ಕವಾಯತಿಗೆ ಬನ್ನಿಮಂಟಪಕ್ಕೆ ಹೋದವರಿಗೆಲ್ಲ ಹಿತ್ತಾಳೆ ವಾದ್ಯದ ಸದ್ದು ಎದೆಗೆ ಬಡಿದಿರುತ್ತೆ.

ಈಗ ಮತ್ತೆ ಬ್ರೌಸರಿಗೆ ಬರ್ತೀನಿ, ಯಾಕಂದ್ರೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಹೀಗೆ ತಿದ್ದಿಕೊಳ್ಳೋ ಬಾಗಿಲು ವರ್ಷ ವರ್ಷಕ್ಕೂ ಕಿರಿದಾಗ್ತಿದೆ. 2017ರ ನವೆಂಬರಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೇ ಥರದ ಆಡ್-ಆನ್‌ಗಳು, ಅಂದ್ರೆ ಎಕ್ಸ್‌ಟೆನ್ಷನ್ನುಗಳು, ಎಲ್ಲ ನಿಂತುಹೋದವು, ನಾನು ವರ್ಷಗಟ್ಟಲೆ ಹೊಂದಿಸಿದ್ದ ಟೂಲ್‌ಬಾರ್ ಒಂದೇ ರಾತ್ರಿಗೆ ಹೋಯ್ತು. ವೇಗ, ಸುರಕ್ಷತೆಗೆ ಅಂತ ಮಾಡಿದ್ರು, ಕಾರಣ ಅರ್ಥ ಆಗುತ್ತೆ, ಬೇಜಾರು ಬೇರೆ. 2019ರಲ್ಲಿ 69ನೇ ಆವೃತ್ತಿ ಬಂದ್ಮೇಲೆ ಬ್ರೌಸರಿನ ಮೈಯನ್ನೇ ತಿದ್ದೋ ಯೂಸರ್‌ಕ್ರೋಮ್ ಫೈಲ್ ಓದಬೇಕು ಅಂದ್ರೂ ಅಬೌಟ್ ಕಾನ್ಫಿಗ್ ಅನ್ನೋ ಒಳಗಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ಒಂದು ಸೆಟ್ಟಿಂಗ್ ನಾವೇ ಆನ್ ಮಾಡಬೇಕು. ಆ ಫೈಲಲ್ಲೇ ನಾನು ಅಮ್ಮನಿಗೆ ಟ್ಯಾಬುಗಳ ಎತ್ತರ ಜಾಸ್ತಿ ಮಾಡಿರೋದು, ಅಲ್ಲೂ ಕನ್ನಡ ಹೆಸರಿನ ಒತ್ತು ಕಟ್ ಆಗ್ತಿತ್ತು. ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬರುತ್ತೆ, ಏನೋ ಒಂದು ಜರುಗಿರುತ್ತೆ, ಆ ಶನಿವಾರ ಕೂತು ಸರಿ ಮಾಡ್ತೀನಿ. ಇದು ನಂಗೆ ಬೇಸರ ಇಲ್ಲ.

ಬೇಸರ ಆಗೋದು ಸೈಟುಗಳೇ ಬೀಗ ಹಾಕಿದಾಗ. ಪದದ ಮೇಲೆ ಎರಡು ಸಲ ಒತ್ತಿದ್ರೆ ನಿಘಂಟು ತೆರೆಯೋ ಹಾಗೆ ಒಂದು ಸ್ಕ್ರಿಪ್ಟ್ ಬರೆದಿದ್ದೆ, ನನ್ನ ಅಕ್ಕನ ಮಗಳಿಗೆ, ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡ ಪೇಪರ್ ಓದೋ ಆಸೆ ಇದೆ, ಕಷ್ಟದ ಪದ ಬಂದ್ರೆ ನಿಂತುಬಿಡ್ತಾಳೆ. ಎಷ್ಟೋ ಕನ್ನಡ ಸೈಟಲ್ಲಿ ಪದ ಆಯ್ಕೆ ಮಾಡೋಕೇ ಬಿಡಲ್ಲ, ರೈಟ್ ಕ್ಲಿಕ್ ಬಂದ್, ಕಾಪಿ ಬಂದ್. ಕದಿಯೋರು ಕದೀಬಾರದು ಅಂತ ಹಾಕಿದ್ದು. ಕದಿಯೋನಿಗೆ ಅದನ್ನ ತೆಗೆಯೋಕೆ ಒಂದು ನಿಮಿಷ ಸಾಕು ಸ್ವಾಮಿ, ಸಿಕ್ಕಿಹಾಕ್ಕೊಳ್ಳೋದು ಅರ್ಥ ಹುಡುಕೋ ಮಗು. ಇನ್ನು ಸುದ್ದಿಯನ್ನ ಚಿತ್ರ ಮಾಡಿ ಹಾಕಿದ್ರಂತೂ ಮುಗೀತು, ಕಣ್ಣು ಕಾಣದವರಿಗೆ ಓದಿ ಹೇಳೋ ಸ್ಕ್ರೀನ್ ರೀಡರಿಗೆ ಅಲ್ಲಿ ಅಕ್ಷರವೇ ಇಲ್ಲ.

ಸಂಪಾದಕರೇ, ಅಚ್ಚಿನ ಪತ್ರಿಕೆ ಮನೆಗೆ ಬಂದ್ಮೇಲೆ ನಾವು ಅದನ್ನ ಮಡಚ್ತೀವಿ, ಕತ್ತರಿಸಿಟ್ಕೋತೀವಿ, ಅಜ್ಜ ಭೂತಗನ್ನಡಿ ಇಟ್ಟು ಓದ್ತಾರೆ, ಯಾರೂ ಬೇಡ ಅನ್ನಲ್ಲ. ವೆಬ್‌ಸೈಟಿಗೂ ಅಷ್ಟೇ ಸಲಿಗೆ ಕೊಡಿ ಅನ್ನೋದು ನನ್ನ ಕೋರಿಕೆ. ಪದ ಆಯ್ಕೆ ಮಾಡೋಕೆ ಬಿಡಿ, ಬರಹ ಬರಹವಾಗೇ ಇರಲಿ. ನಾನು ಅಮ್ಮನಿಗೆ ತಿದ್ದಿಕೊಟ್ಟೆ ನಿಜ, ತಿದ್ದಿಕೊಡೋರು ಇಲ್ಲದ ಮನೆ ಎಷ್ಟಿಲ್ಲ. ನಿಮ್ಮ ಸೈಟ್ ನೋಡಿಕೊಳ್ಳೋ ಹುಡುಗರಿಗೆ ಈ ಪತ್ರ ಒಮ್ಮೆ ತೋರಿಸಿ, ತಲೆಬರಹದ ಲೈನ್ ಹೈಟ್ 1.2 ಇರೋದನ್ನ 1.6 ಆದ್ರೂ ಮಾಡಿ ಅಂತ ಹೇಳಿ. ಸರಿಯಾಯ್ತಾ ಅಂತ ನೋಡೋಕೆ ಹಳ್ಳಿ, ಕತ್ತೆ, ರಾಷ್ಟ್ರ ಈ ಮೂರು ಪದ ಒಂದೇ ಸಾಲಲ್ಲಿ ಹಾಕಿ ನೋಡಿದ್ರೆ ಸಾಕು.

ಇಂತಿ,
ನಿಮ್ಮ ಓದುಗ, ಮೈಸೂರು